ಅವಘಡಗಳು ಸಾಲುಸಾಲಾಗಿ ಬರೋದು ನಿಜವಾ, ನಮಗೆ ಹಾಗೆ ಕಾಣೋದಾ?

ತುಂಗಾತೀರ (ಶಿವಮೊಗ್ಗ)

2024ರ ಮಳೆಗಾಲ ನೆನಪು ಮಾಡ್ಕೊಳ್ಳಿ. ಜುಲೈ 16ಕ್ಕೆ ಅಂಕೋಲಾ ಹತ್ರ ಶಿರೂರಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿತ್ತು. ಎರಡೇ ವಾರಕ್ಕೆ, ಜುಲೈ 30ರ ನಸುಕಿಗೆ, ವಯನಾಡಿನ ಮುಂಡಕ್ಕೈ–ಚೂರಲ್‌ಮಲ ಕೊಚ್ಚಿ ಹೋಯ್ತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಯ್ತು. ಮರುವರ್ಷ ಜೂನ್ 4ಕ್ಕೆ ಚಿನ್ನಸ್ವಾಮಿ ಕ್ರೀಡಾಂಗಣದ ಕಾಲ್ತುಳಿತ, 12ಕ್ಕೆ ಅಹಮದಾಬಾದಿನ ವಿಮಾನ, 15ರ ಬೆಳಿಗ್ಗೆ ಕೇದಾರನಾಥದ ಹೆಲಿಕಾಪ್ಟರ್, ಅವತ್ತೇ ಮಧ್ಯಾಹ್ನ ಪುಣೆ ಹತ್ರ ಇಂದ್ರಾಯಣಿ ನದಿಯ ಕಬ್ಬಿಣದ ಸೇತುವೆ. ಅದರ ಬೆನ್ನಿಗೇ ಹಾಸನದ ಹೃದಯಾಘಾತದ ಸುದ್ದಿ.

ಜನ "ಒಂದು ಶುರುವಾಯ್ತು ಅಂದ್ರೆ ಮೂರಕ್ಕೇ ಮುಕ್ತಾಯ" ಅಂತಾರೆ. ಇದು ಆಕಸ್ಮಿಕವಾ, ಒಳಗೆ ಏನಾದ್ರೂ ಕಾರಣ ಉಂಟಾ, ಇಲ್ಲ ಟಿವಿ-ಪೇಪರ್ ನಮಗೆ ಹಾಗೆ ತೋರಿಸ್ತಾವಾ? ಲೆಕ್ಕ ಗೊತ್ತಿರೋರು, ಸುದ್ದಿಮನೆ ಒಳಗು ಗೊತ್ತಿರೋರು ವಿವರವಾಗಿ ಬರೀರಿ.

ಬ್ಯಾಣದಬದಿ

ಬರಗಾಲದಲ್ಲಿ ಅಧಿಕ ಮಾಸ ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಕಷ್ಟ ಒಂಟಿಯಾಗಿ ಬರಲ್ಲ.

ಅಂಕಿಅಂಶ

ಮೊದಲು ಬರೀ ಆಕಸ್ಮಿಕ ಅಂತಲೇ ಇಟ್ಕೊಂಡು ಲೆಕ್ಕ ಹಾಕೋಣ. ಒಂದು ಬಗೆಯ ಅವಘಡ ವರ್ಷಕ್ಕೆ 12 ಸಲ ಆಗುತ್ತೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಹಾಗಾದ್ರೆ ತಿಂಗಳಿಗೆ ಒಂದೊಂದು ಬರಬೇಕು ಅಂತ ನಮ್ಮ ಮನಸ್ಸು ಹೇಳುತ್ತೆ. ಆದರೆ 12ಕ್ಕೆ 12 ತಿಂಗಳಲ್ಲೂ ಸರಿಯಾಗಿ ಒಂದೊಂದೇ ಬೀಳೋ ಸಾಧ್ಯತೆ ಸುಮಾರು 18,600ರಲ್ಲಿ 1. ಸರಾಸರಿ ವರ್ಷ ಹೇಗಿರುತ್ತೆ ಅಂದ್ರೆ: ನಾಲ್ಕು ತಿಂಗಳು ಖಾಲಿ, ನಾಲ್ಕೈದು ತಿಂಗಳಲ್ಲಿ ಒಂದೊಂದು, ಉಳಿದ ಮೂರು ತಿಂಗಳಲ್ಲಿ ಎರಡೋ ಮೂರೋ ಒಟ್ಟಿಗೆ. ಆ ಮೂರು ತಿಂಗಳೇ ನೆನಪಲ್ಲಿ ಉಳಿಯೋದು. ಖಾಲಿ ಹೋದ ತಿಂಗಳನ್ನ "ಈ ತಿಂಗಳು ಏನೂ ಆಗಲಿಲ್ಲ" ಅಂತ ಯಾವ ಪೇಪರ್ರೂ ಬರೆಯಲ್ಲ.

ಇನ್ನೊಂದು ವಿಷಯ. ಎರಡು ಘಟನೆ ನಡುವಿನ ಅಂತರ ಸರಾಸರಿ 30 ದಿನ ಇದ್ರೆ, ಸುಮಾರು 63% ಅಂತರಗಳು 30ಕ್ಕಿಂತ ಕಮ್ಮಿನೇ ಇರ್ತವೆ. ಕೆಲವು ಅಂತರ ಬಹಳ ಉದ್ದ ಇದ್ದು ಸರಾಸರಿಯನ್ನ ಮೇಲಕ್ಕೆ ಎಳೀತಾವೆ. ಒಂದಾದ ಮೇಲೆ ಇನ್ನೊಂದು "ಬೇಗ" ಬರೋದೇ ಮಾಮೂಲಿ.

ಸಾಗರದವಳು

ಕಾಗದದ ಮೇಲೆ ಸರಿ. ಕಣ್ಣಿಗೆ ಕಾಣೋ ಹಾಗೆ ತೋರಿಸೋಕೆ ಏನಾದ್ರೂ ದಾರಿ ಇದೆಯಾ? ಹೈಸ್ಕೂಲ್ ಮಕ್ಕಳಿಗೆ ಹೇಳಿಕೊಡೋ ಹಾಗಿರಬೇಕು.

ಅಂಕಿಅಂಶ

ಇದೆ ಮೇಡಂ. ಚದುರಂಗದ ಹಾಸು ತಗೊಳ್ಳಿ, 64 ಮನೆ. 64 ಹುಣಸೆ ಬೀಜ. ಬೀಜನ ಮುಷ್ಟಿಯಲ್ಲಿ ಹಿಡಿದು ಎರಚಬೇಡಿ. ನಡುವೆಯೇ ರಾಶಿ ಬೀಳುತ್ತೆ, ಉರುಳಿ ಅಂಚಿಗೆ ಹೋಗುತ್ತೆ, ಲೆಕ್ಕ ಕೆಡುತ್ತೆ. 1ರಿಂದ 64ರವರೆಗೆ ಚೀಟಿ ಬರೆದು ಡಬ್ಬಿಗೆ ಹಾಕಿ, ಒಂದು ಎತ್ತಿ, ಆ ನಂಬರಿನ ಮನೆಗೆ ಬೀಜ ಇಟ್ಟು, ಚೀಟಿ ವಾಪಸ್ ಡಬ್ಬಿಗೆ ಹಾಕಿ ಕುಲುಕಿ. ವಾಪಸ್ ಹಾಕೋದು ಮರೆತ್ರೆ ಪ್ರತಿ ಮನೆಗೂ ಒಂದೊಂದೇ ಬಂದು ಪ್ರಯೋಗವೇ ವ್ಯರ್ಥ. ಹೀಗೆ 64 ಸಲ.

ಕೊನೆಗೆ ಸುಮಾರು 23 ಮನೆ ಖಾಲಿ, 23–24 ಮನೆಯಲ್ಲಿ ಒಂದು, 12ರ ಆಸುಪಾಸು ಮನೆಯಲ್ಲಿ ಎರಡು, ಐದು ಮನೆಯಲ್ಲಿ ಮೂರು ಅಥವಾ ಹೆಚ್ಚು ಬೀಜ ಸಿಗುತ್ತೆ. ಎರಡು-ಮೂರು ಕಮ್ಮಿ ಜಾಸ್ತಿ ಆಗಬಹುದು. ಪ್ರಯೋಗ ಶುರು ಮಾಡೋ ಮುಂಚೆ ಮಕ್ಕಳಿಗೆ "ಎಷ್ಟು ಮನೆ ಖಾಲಿ ಉಳಿಯುತ್ತೆ?" ಅಂತ ಬರೆಸಿ ಇಟ್ಕೊಳ್ಳಿ.

ಇದೇ ಲೆಕ್ಕ ಲಂಡನ್ನಿನಲ್ಲಿ ನಿಜವಾಗಿ ಆಗಿದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ವಿ-1 ಹಾರುವ ಬಾಂಬುಗಳು ಕೆಲವೇ ಬಡಾವಣೆಗಳ ಮೇಲೆ ಗುಂಪಾಗಿ ಬೀಳ್ತಿವೆ, ಗುರಿ ಇಟ್ಟು ಹೊಡೀತಿದ್ದಾರೆ ಅಂತ ಜನ ನಂಬಿದ್ರು. ಆರ್. ಡಿ. ಕ್ಲಾರ್ಕ್ ಅನ್ನೋ ವಿಮಾ ಲೆಕ್ಕಿಗರು 1946ರಲ್ಲಿ ದಕ್ಷಿಣ ಲಂಡನ್ನನ್ನ ಕಾಲು ಚದರ ಕಿಲೋಮೀಟರಿನ 576 ಚೌಕ ಮಾಡಿ, ಬಿದ್ದ 537 ಬಾಂಬುಗಳನ್ನ ಎಣಿಸಿದ್ರು. ಒಂದೂ ಬೀಳದ ಚೌಕ 229, ಲೆಕ್ಕದ ಪ್ರಕಾರ 226.74 ಇರಬೇಕಿತ್ತು. ಒಂದು ಬಿದ್ದದ್ದು 211, ಲೆಕ್ಕ 211.39. ಎರಡು ಬಿದ್ದದ್ದು 93, ಲೆಕ್ಕ 98.54. ಗುರಿಯೂ ಇಲ್ಲ ಏನೂ ಇಲ್ಲ, ಚೆಲ್ಲಾಪಿಲ್ಲಿ ಬಿದ್ದದ್ದೇ ಗುಂಪಾಗಿ ಕಂಡಿತ್ತು.

ಬ್ಯಾಣದಬದಿ

ಬಾಂಬಿನ ಕಥೆ ಇರಲಿ ಮಾರಾಯ್ರೆ. ಜೂನ್ 4ರಿಂದ 15ರ ಒಳಗೆ ನಾಲ್ಕು ದೊಡ್ಡ ದುರಂತ. ಹನ್ನೆರಡು ದಿನಕ್ಕೆ ನಾಲ್ಕು. ಅದೂ ಆಕಸ್ಮಿಕವಾ?

ಅಂಕಿಅಂಶ

ಆ ನಾಲ್ಕೂ ಬೇರೆ ಬೇರೆ ಜಾತಿಯವು ನೋಡಿ: ಕಾಲ್ತುಳಿತ, ವಿಮಾನ, ಹೆಲಿಕಾಪ್ಟರ್, ಸೇತುವೆ. ಅದೇ ವಾರ ರೈಲು ಹಳಿ ತಪ್ಪಿದ್ರೆ ಅದೂ ಪಟ್ಟಿಗೆ ಸೇರ್ತಿತ್ತು. ಪಟಾಕಿ ಕಾರ್ಖಾನೆ, ದೋಣಿ, ಬಸ್ಸಿನ ಬೆಂಕಿ, ಯಾವುದಾದ್ರೂ ಸೈ. ಏನನ್ನ ಎಣಿಸಬೇಕು ಅಂತ ಮೊದಲೇ ಗೊತ್ತು ಮಾಡದೆ, ಆದ ಮೇಲೆ ಒಂದೊಂದೇ ಸೇರಿಸ್ತಾ ಹೋದ್ರೆ ಯಾವ ಪಟ್ಟಿ ಬೇಕಾದ್ರೂ ಉದ್ದ ಆಗುತ್ತೆ.

ಹತ್ತು ಬಗೆಯ ಅವಘಡ, ಒಂದೊಂದೂ ಸರಾಸರಿ 100 ದಿನಕ್ಕೊಮ್ಮೆ ಅಂತ ಊಹಿಸಿ. ಒಟ್ಟು ಸೇರಿ 10 ದಿನಕ್ಕೊಂದು, 12 ದಿನಕ್ಕೆ 1.2. ನಾವು ಆರಿಸಿದ ಯಾವುದೋ 12 ದಿನದಲ್ಲಿ ನಾಲ್ಕು ಅಥವಾ ಹೆಚ್ಚು ಆಗೋ ಸಾಧ್ಯತೆ ಸುಮಾರು 3.4%. ಕಮ್ಮಿ ಅನ್ನಿಸುತ್ತೆ ಅಲ್ವಾ? ಆದರೆ ವರ್ಷದಲ್ಲಿ ಅಂಥ 12 ದಿನದ ಕಂತು 30 ಇವೆ. 30ನ್ನ 3.4%ರಿಂದ ಗುಣಿಸಿದ್ರೆ ಸರಿಸುಮಾರು 1. ಸರಾಸರಿ ವರ್ಷಕ್ಕೊಂದು ಸಲ ಇಂಥ "ಕರಾಳ ಹನ್ನೆರಡು ದಿನ" ಬರೋದು ಮಾಮೂಲಿ.

2014ರ ಜುಲೈನಲ್ಲಿ ಎಂಟೇ ದಿನಕ್ಕೆ ಮೂರು ವಿಮಾನ ಬಿದ್ದವು: 17ಕ್ಕೆ ಉಕ್ರೇನಿನ ಮೇಲೆ ಮಲೇಷ್ಯಾದ್ದು, 23ಕ್ಕೆ ತೈವಾನಿನಲ್ಲಿ, 24ಕ್ಕೆ ಅಲ್ಜೀರಿಯಾದ್ದು. ಕೇಂಬ್ರಿಜ್‌ನ ಡೇವಿಡ್ ಸ್ಪೀಗಲ್‌ಹಾಲ್ಟರ್ ಲೆಕ್ಕ ಹಾಕಿದ್ರು. ಆಗಿನ ದರದಲ್ಲಿ ಸರಾಸರಿ 40 ದಿನಕ್ಕೊಂದು ಅಪಘಾತ. ಗೊತ್ತುಪಡಿಸಿದ ಎಂಟು ದಿನದಲ್ಲಿ ಮೂರು ಆಗೋದು 1000ಕ್ಕೆ 1ರಷ್ಟು. ಹತ್ತು ವರ್ಷದಲ್ಲಿ ಎಲ್ಲಾದ್ರೂ ಒಂದು ಕಡೆ ಅಂಥ ಎಂಟು ದಿನ ಸಿಗೋದು 10ಕ್ಕೆ 6ರಷ್ಟು. ನಡೆದದ್ದು ಅದೇ ಘಟನೆ, ಪ್ರಶ್ನೆ ಕೇಳೋ ರೀತಿಯಿಂದ ಉತ್ತರ 600 ಪಟ್ಟು ಬದಲಾಗುತ್ತೆ.

ಸುದ್ದಿಮೇಜು

ಡೆಸ್ಕಿನ ಕಡೆಯಿಂದ ನೋಡಿದ್ರೆ ಇನ್ನೊಂದು ಪದರ ಇದೆ. ದಿನಕ್ಕೆ ಏಜೆನ್ಸಿ ಮತ್ತು ತಾಲೂಕು ವರದಿಗಾರರಿಂದ ಬರೋ ಸುದ್ದಿಯಲ್ಲಿ ಬಹುಪಾಲು ಪುಟಕ್ಕೆ ಹೋಗೋದೇ ಇಲ್ಲ. ತಾಂತ್ರಿಕ ತೊಂದರೆಯಿಂದ ವಿಮಾನ ವಾಪಸ್ ಬಂದದ್ದು ಮಾಮೂಲಿ ದಿನದಲ್ಲಿ ಒಳಪುಟದ ಸಿಂಗಲ್ ಕಾಲಂ, ಜಾಹೀರಾತು ಹೆಚ್ಚಿದ್ರೆ ಅದೂ ಇಲ್ಲ. ಅಹಮದಾಬಾದಿನ ನಂತರ ಅಂಥದ್ದೇ ಪ್ರತಿಯೊಂದು ಮುಖಪುಟಕ್ಕೆ ಬಂತು. ಅಂಥ ಘಟನೆ ಹೆಚ್ಚಾದದ್ದಲ್ಲ, ಆಯ್ಕೆಯ ಮಟ್ಟ ಕೆಳಗೆ ಇಳಿದದ್ದು.

ಆಮೇಲೆ ವರದಿಗಾರರಿಗೆ ಸೂಚನೆ ಹೋಗುತ್ತೆ: "ನಿಮ್ಮ ತಾಲೂಕಲ್ಲಿ ಇಂಥದ್ದು ಇದ್ರೆ ಕಳ್ಸಿ." ಹುಡುಕಿದ್ರೆ ಸಿಗುತ್ತೆ. ಪುಟದಲ್ಲಿ ಹಳೆಯ ಘಟನೆಗಳ ಬಾಕ್ಸ್ ಮಾಡ್ತಾರೆ, ಓದುಗರ ತಲೆಯಲ್ಲಿ ಹತ್ತು ವರ್ಷದ ಘಟನೆಗಳು ಒಂದೇ ದಿನದ ಸಾಲಾಗಿ ಕೂರ್ತವೆ. ಜರ್ಮನಿಯ ಕೆಪ್ಲಿಂಗರ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದ್ದು ಇದನ್ನೇ: ಒಂದು ದೊಡ್ಡ ಘಟನೆಯ ನಂತರ ಅದೇ ಬಗೆಯ ಸುದ್ದಿ ಹೆಚ್ಚುತ್ತೆ, ಘಟನೆ ಹೆಚ್ಚದೇ ಇದ್ರೂ. 2001ರ ಬೇಸಿಗೆಯಲ್ಲಿ ಅಮೆರಿಕದ ಟಿವಿಯಲ್ಲಿ ಶಾರ್ಕ್ ದಾಳಿಯದ್ದೇ ಸುದ್ದಿ. ಲೆಕ್ಕ ತೆಗೆದಾಗ ಆ ವರ್ಷದ ದಾಳಿ ಹಿಂದಿನ ವರ್ಷಕ್ಕಿಂತ ಕಮ್ಮಿಯೇ ಇತ್ತು.

ತೀರ್ಥಹಳ್ಳಿ ಮೇಷ್ಟ್ರು

ಮನಸ್ಸಿನ ಪಾಲನ್ನೂ ಮರೆಯಬಾರದು. ಸುಲಭವಾಗಿ ನೆನಪಿಗೆ ಬರೋದನ್ನ ನಾವು "ಹೆಚ್ಚು ಆಗುತ್ತೆ" ಅಂತ ಅಂದಾಜು ಮಾಡ್ತೇವೆ. ಟ್ವೆರ್‌ಸ್ಕಿ ಮತ್ತು ಕಾಹ್ನೆಮನ್ 1973ರಲ್ಲೇ ಪ್ರಯೋಗ ಮಾಡಿ ಬರೆದರು. ತರಗತಿಯಲ್ಲಿ ಅರ್ಧ ಮಕ್ಕಳಿಗೆ ನಾಣ್ಯವನ್ನು 100 ಸಲ ಚಿಮ್ಮಿ ಬರೆಯಲು ಹೇಳಿ, ಉಳಿದರ್ಧಕ್ಕೆ ಚಿಮ್ಮದೆ ಮನಸ್ಸಿನಿಂದಲೇ ಬರೆಯಲು ಹೇಳಿ. ನಿಜವಾಗಿ ಚಿಮ್ಮಿದ ಹಾಳೆಗಳಲ್ಲಿ 10ಕ್ಕೆ 8ರಲ್ಲಿ ಒಂದೇ ಮುಖ ಸತತ ಆರು ಸಲ ಬಂದಿರುತ್ತದೆ. ಮನಸ್ಸಿನಿಂದ ಬರೆದವರು ನಾಲ್ಕು ಸಲ ಬಂದ ಕೂಡಲೇ ಹೆದರಿ ಬದಲಾಯಿಸಿರುತ್ತಾರೆ. ಆಕಸ್ಮಿಕ ಅಂದರೆ ಸಮನಾಗಿ ಹಂಚಿಹೋಗಿರಬೇಕು ಅನ್ನುವ ಭಾವನೆ ನಮ್ಮಲ್ಲಿ ಅಷ್ಟು ಗಟ್ಟಿ.

ಪಂಚಾಂಗಪ್ರಿಯ (ಶೃಂಗೇರಿ)

ಎಲ್ಲವನ್ನೂ ಲೆಕ್ಕ ಅಂತ ತಳ್ಳಿಬಿಡೋದು ಸರಿಯಲ್ಲ. ಧನಿಷ್ಠಾ ಪಂಚಕದಲ್ಲಿ ಸಾವಾದರೆ ಅದೇ ಮನೆಯಲ್ಲಿ ಮತ್ತೆ ಸಾವಾಗ್ತದೆ ಅಂತ ಮನೆ ಬಿಡುವ ಪದ್ಧತಿ ಇದೆ. ಗ್ರಹಣದ ಹಿಂದೆ ಮುಂದೆ ಭೂಕಂಪ ಆದದ್ದನ್ನೂ ಎಷ್ಟೋ ಸಲ ನೋಡಿದ್ದೇವೆ. ಅನುಭವ ಇಲ್ಲದೆ ಇಂಥವು ಹುಟ್ಟಲಿಲ್ಲ.

ಅಂಕಿಅಂಶ

ಭಟ್ರೆ, ಗೌರವದಿಂದಲೇ ಹೇಳ್ತೀನಿ, ಪಂಚಾಂಗದ ಲೆಕ್ಕವನ್ನೇ ತಗೊಳ್ಳೋಣ. ಧನಿಷ್ಠೆಯ ಉತ್ತರಾರ್ಧದಿಂದ ರೇವತಿಯ ಕೊನೆವರೆಗೆ ಅಂದ್ರೆ ಚಂದ್ರ ಕುಂಭ, ಮೀನ ಎರಡು ರಾಶಿಯಲ್ಲಿ ಇರೋ ಕಾಲ. 360ರಲ್ಲಿ 60 ಡಿಗ್ರಿ, ಆರನೇ ಒಂದು ಭಾಗ. ತಿಂಗಳಿಗೆ ನಾಲ್ಕೂವರೆ ದಿನ. ಯಾವ ದೋಷವೂ ಇಲ್ಲದೆ ಆರು ಸಾವಿಗೆ ಒಂದು ಪಂಚಕದಲ್ಲೇ ಆಗುತ್ತೆ. ಹಿರಿಯರು ಹೆಚ್ಚಿರೋ ದೊಡ್ಡ ಕುಟುಂಬದಲ್ಲಿ, ನೆಂಟರನ್ನೂ ಸೇರಿಸಿದ್ರೆ, ಒಂದು ವರ್ಷದ ಒಳಗೆ ಇನ್ನೊಂದು ಸಾವು ಅಪರೂಪ ಅಲ್ಲ. ಉಳಿದ ಐದು ಸಾವಿನ ನಂತರವೂ ಅಷ್ಟೇ ಪ್ರಮಾಣದಲ್ಲಿ ಸಾವು ಆಗ್ತಾವಾ ಅಂತ ಎಣಿಸಿ ಹೋಲಿಸಿದ್ರೆ ಮಾತ್ರ ಗೊತ್ತಾಗೋದು.

ಗ್ರಹಣವೂ ಹಾಗೆ. ವರ್ಷಕ್ಕೆ ಸೂರ್ಯ, ಚಂದ್ರ ಎರಡೂ ಸೇರಿ ಕನಿಷ್ಠ ನಾಲ್ಕು. ಸಾಮಾನ್ಯವಾಗಿ ಹದಿನೈದು ದಿನದ ಅಂತರದಲ್ಲಿ ಜೋಡಿಯಾಗಿ ಬರ್ತವೆ. ಜೋಡಿಯ ಹಿಂದೆ 15, ಮುಂದೆ 15 ಸೇರಿಸಿದ್ರೆ 45 ದಿನ. ಭೂಮಿಯ ಮೇಲೆ 7 ಅಥವಾ ಹೆಚ್ಚು ತೀವ್ರತೆಯ ಭೂಕಂಪ ವರ್ಷಕ್ಕೆ ಸರಾಸರಿ 15ರಷ್ಟು. ಹಾಗಾದ್ರೆ ಯಾವುದೇ 45 ದಿನದಲ್ಲಿ ಒಂದಾದ್ರೂ ಆಗೋ ಸಾಧ್ಯತೆ 84%. ಗ್ರಹಣ ಇರಲಿ, ಇಲ್ಲದಿರಲಿ.

ಪಂಚಾಂಗಪ್ರಿಯ (ಶೃಂಗೇರಿ)

ಆರನೇ ಒಂದು ಭಾಗದ ಲೆಕ್ಕ ಸರಿಯಾಗಿದೆ. ಆದರೆ ಭೂಕಂಪದ ನಂತರ ಭೂಕಂಪ ಆಗುವುದು ಸುಳ್ಳಲ್ಲವಲ್ಲ? ನೇಪಾಳದಲ್ಲಿ ಎರಡು ಆಯಿತು.

ಕಂಪನರೇಖೆ

ಅದು ಸುಳ್ಳಲ್ಲ, ಭಟ್ಟರು ಹಿಡಿದದ್ದು ಸರಿಯಾದ ಎಳೆ. ಭೂಕಂಪದಲ್ಲಿ ನಿಜವಾದ ಗುಂಪು ಉಂಟು, ಸುಳ್ಳು ಗುಂಪೂ ಉಂಟು. ಒಂದೇ ಸ್ತರಭಂಗದ (ನೆಲದೊಳಗಿನ ಬಂಡೆಯ ಬಿರುಕಿನ) ಅಕ್ಕಪಕ್ಕದಲ್ಲಿ ಆಗೋದು ನಿಜವಾದ ಗುಂಪು. 2015ರ ಏಪ್ರಿಲ್ 25ಕ್ಕೆ ನೇಪಾಳದಲ್ಲಿ 7.8, ಮೇ 12ಕ್ಕೆ 7.3. 2023ರ ಫೆಬ್ರುವರಿ 6ಕ್ಕೆ ಟರ್ಕಿಯಲ್ಲಿ 7.8, ಒಂಬತ್ತು ಗಂಟೆ ಬಿಟ್ಟು ಹತ್ತಿರದಲ್ಲೇ 7.5. ಒಂದು ಕಡೆ ಬಂಡೆ ಜಾರಿದಾಗ ಅದರ ಒತ್ತಡ ಪಕ್ಕದ ಭಾಗಕ್ಕೆ ವರ್ಗ ಆಗ್ತದೆ. ಜಪಾನಿನ ಒಮೊರಿ 1894ರಲ್ಲೇ ಸೂತ್ರ ಕೊಟ್ಟರು: ಮರುಕಂಪನದ ಸಂಖ್ಯೆ ದಿನ ಕಳೆದಂತೆ ಸರಿಸುಮಾರು ವಿಲೋಮವಾಗಿ ಇಳೀತದೆ, ಹತ್ತನೇ ದಿನಕ್ಕೆ ಮೊದಲ ದಿನದ ಹತ್ತನೇ ಒಂದರಷ್ಟು. ಅತಿ ದೊಡ್ಡ ಮರುಕಂಪನ ಸಾಮಾನ್ಯವಾಗಿ ಮುಖ್ಯ ಕಂಪನಕ್ಕಿಂತ 1.2ರಷ್ಟು ಕಮ್ಮಿ ತೀವ್ರತೆಯದ್ದು. ನೇಪಾಳ, ಟರ್ಕಿ ಎರಡೂ ಆ ಸರಾಸರಿಯನ್ನ ಮೀರಿದವು. ಅದಕ್ಕೇ ಬಿರುಕು ಬಿಟ್ಟ ಮನೆಗೆ ವಾಪಸ್ ಹೋಗಬೇಡಿ ಅನ್ನೋದು.

ಬೇರೆ ಬೇರೆ ಖಂಡದಲ್ಲಿ ಆಗೋದು ಬೇರೆ ವಿಷಯ. 2004ರ ಸುಮಾತ್ರಾ, 2010ರ ಚಿಲಿ, 2011ರ ಜಪಾನ್ ನೋಡಿ ಭೂಮಿಗೇ ಏನೋ ಆಗಿದೆ ಅಂದ್ರು. ಹಳೆಯ ದಾಖಲೆ ಇಟ್ಟು ಪರೀಕ್ಷಿಸಿದಾಗ, ಮರುಕಂಪನಗಳನ್ನ ತೆಗೆದ ಮೇಲೆ ಉಳಿದದ್ದು ಆಕಸ್ಮಿಕ ಹಂಚಿಕೆಗೇ ಹೊಂದ್ತದೆ ಅಂತ 2011, 2012ರ ಎರಡು ಅಧ್ಯಯನ ಹೇಳಿದವು. 7ಕ್ಕಿಂತ ಮೇಲಿನವು 1989ರಲ್ಲಿ ಬರೀ 6, 2010ರಲ್ಲಿ 23.

ಆರೋಗ್ಯಲೆಕ್ಕ

ಹಾಸನದ ವಿಷಯಕ್ಕೆ ಬರ್ತೀನಿ. ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ 17.76 ಲಕ್ಷ. ಸಾವಿನ ದರ ವರ್ಷಕ್ಕೆ ಸಾವಿರಕ್ಕೆ 6ರಿಂದ 7. 6.5 ಅಂತ ಹಿಡಿದ್ರೆ ವರ್ಷಕ್ಕೆ 11,500, 40 ದಿನಕ್ಕೆ 1,260ರಷ್ಟು ಸಾವು. ನಮ್ಮ ದೇಶದಲ್ಲಿ ಸಾವಿನ ಕಾಲು ಭಾಗದಷ್ಟು ಹೃದಯ-ರಕ್ತನಾಳದ ಕಾಯಿಲೆಯಿಂದ. ಅಂದ್ರೆ 40 ದಿನದಲ್ಲಿ ಆ ಒಂದು ಜಿಲ್ಲೆಯಲ್ಲಿ 300ರಷ್ಟು ಇಂಥ ಸಾವು, ಯಾವ ಸುದ್ದಿಯೂ ಆಗದೆ, ಪ್ರತಿ ವರ್ಷ ಆಗ್ತಿರುತ್ತೆ. ಸುದ್ದಿಯಾದ ಆ 40 ದಿನದಲ್ಲಿ ಟಿವಿಯಲ್ಲಿ ಬಂದದ್ದು ಇಪ್ಪತ್ತು ಚಿಲ್ಲರೆ. ಸರ್ಕಾರದ ಸಮಿತಿ 24 ಸಾವು ಪರಿಶೀಲಿಸಿ, ಅದರಲ್ಲಿ ನಾಲ್ಕಕ್ಕೆ ಹೃದಯದ ಸಂಬಂಧವೇ ಇಲ್ಲ ಅಂತ ಹೇಳ್ತು. ಸಾವು ಅಸಹಜವಾಗಿ ಹೆಚ್ಚಿಲ್ಲ ಅಂತಲೂ ಹೇಳ್ತು. ಅಷ್ಟೊತ್ತಿಗೆ ಮೈಸೂರಿನ ಜಯದೇವದಲ್ಲಿ ಬೆಳಗಿನ ಜಾವದಿಂದ ತಪಾಸಣೆಗೆ ಸಾಲು. ನಿಜವಾಗಿ ಎದೆನೋವು ಬಂದವರಿಗೆ ಜಾಗ ಸಿಗೋದು ಕಷ್ಟ ಆಗುತ್ತೆ, ಅದೇ ನನಗೆ ಸಂಕಟದ ವಿಷಯ.

ಸಾಗರದವಳು

ಈ ಲೆಕ್ಕ ಅರ್ಧ ಮಾತ್ರ. ಜನ ಹೆದರಿದ್ದು ಒಟ್ಟು ಸಾವಿಗಲ್ಲ, ಇಪ್ಪತ್ತು-ಮೂವತ್ತರ ಹರೆಯದವರು ಸತ್ತದ್ದಕ್ಕೆ. 300ರಲ್ಲಿ ಬಹುಪಾಲು ಅರವತ್ತು ದಾಟಿದವರು. 45ರ ಕೆಳಗಿನವರನ್ನ ಬೇರೆ ಮಾಡಿ, ಹಿಂದಿನ ನಾಲ್ಕೈದು ವರ್ಷದ ಅದೇ ಅವಧಿಯ ಜೊತೆ ಹೋಲಿಸಬೇಕು.

ಆರೋಗ್ಯಲೆಕ್ಕ

ಒಪ್ಪಿದೆ, ವಯಸ್ಸಿನ ಗುಂಪಿನ ಪ್ರಕಾರವೇ ನೋಡಬೇಕು. ಅಲ್ಲಿ ತೊಡಕು ಏನಂದ್ರೆ, ಮನೆಯಲ್ಲಿ ಸತ್ತವರಿಗೆ ವೈದ್ಯರ ಕಾರಣಪತ್ರ ಇರಲ್ಲ, ಮರಣೋತ್ತರ ಪರೀಕ್ಷೆ ಆಗಲ್ಲ. "ಹೃದಯಾಘಾತ" ಅಂತ ಮನೆಯವರು ಹೇಳಿದ್ದೇ ದಾಖಲೆ. ಹಿಂದಿನ ವರ್ಷಗಳಲ್ಲಿ ಅದೂ ಇಲ್ಲ. ಆಸ್ಪತ್ರೆ ಹೊರಗಿನ ಹಠಾತ್ ಸಾವಿನ ವರದಿ ಕಡ್ಡಾಯ ಅಂತ ಸರ್ಕಾರ ಆಮೇಲೆ ಹೇಳಿದ್ದು ಇದಕ್ಕೇ. ಮೊದಲ ಎರಡು ವರ್ಷ ಅಂಕಿ ಏರಿದ ಹಾಗೆ ಕಾಣಬಹುದು. ದಾಖಲಿಸೋದು ಹೆಚ್ಚಾದಾಗ ಯಾವ ಕಾಯಿಲೆಯಾದ್ರೂ ಹಾಗೇ ಕಾಣುತ್ತೆ.

ಸೊರಬ_ಕಾನು

ಎಲ್ಲಾ ಆಕಸ್ಮಿಕ ಅಂತ ಓದಿ ಹೋಗಬೇಡಿ. ಮಂಗನ ಕಾಯಿಲೆ ಗುಂಪಾಗೇ ಬರೋದು. 1957ರಲ್ಲಿ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆಯಾದಾಗಿಂದಲೂ ಹಾಗೇ. ಉಣುಗಿನ ಮರಿ ಮಳೆ ಮುಗಿದ ಮೇಲೆ ಹೆಚ್ಚಾಗುತ್ತೆ, ಡಿಸೆಂಬರಿಂದ ಮೇವರೆಗೆ ಕಾಯಿಲೆ ಕಾಲ. ಮಂಗ ಸತ್ತು ಬಿದ್ದ ಜಾಗದಲ್ಲಿ ಅದರ ಮೈಮೇಲಿನ ಉಣುಗು ಕೆಳಗಿಳಿದು, ಅದೇ ದಾರಿಯಲ್ಲಿ ದರಗು (ಒಣಗಿದ ಎಲೆ) ಗುಡಿಸೋಕೆ ಹೋದೋರಿಗೆ ಕಚ್ಚುತ್ತೆ. ಒಂದು ಕೇಸು ಸಿಕ್ತು ಅಂದ್ರೆ ಹತ್ತಿರದಲ್ಲಿ ಇನ್ನೂ ಇರೋ ಸಾಧ್ಯತೆ ಹೆಚ್ಚು. 2019ರ ಹೊತ್ತಿಗೆ ಸಾಗರದ ಅರಳಗೋಡು ಕಡೆ ಆದದ್ದು ಅದೇ. ಸತ್ತ ಮಂಗ ಕಂಡ್ರೆ ಮುಟ್ಟದೆ ಅರಣ್ಯದವರಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೇಳಿ. ಕಾಡಿಗೆ ಹೋಗೋ ಮುಂಚೆ ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿ, ಬಂದ ಕೂಡ್ಲೆ ಬಟ್ಟೆ ಬಿಸಿನೀರಿಗೆ ಹಾಕಿ, ಮೈ ಪೂರ್ತಿ ನೋಡ್ಕೊಳ್ಳಿ.

ಸಂಕ

ಸೇತುವೆಯಲ್ಲೂ ನಿಜವಾದ ಗುಂಪು ಇದೆ. 2024ರ ಜೂನ್-ಜುಲೈನಲ್ಲಿ ಬಿಹಾರದಲ್ಲಿ ಕೆಲವೇ ವಾರದಲ್ಲಿ ಹತ್ತಕ್ಕೂ ಹೆಚ್ಚು ಸೇತುವೆ ಕುಸಿದವು. ಅದರಲ್ಲಿ ಸಿವಾನ್, ಸಾರಣ್ ಕಡೆಯವಕ್ಕೆ ಕಾರಣ ಒಂದೇ: ಹೊಳೆಯ ಹೂಳು ತೆಗೆಯುವಾಗ ಕಂಬದ ಬುಡದ ಮಣ್ಣನ್ನೂ ತೋಡಿದ್ದರು. ತಳಪಾಯ ಆಳ ಇಲ್ಲದ ಹಳೆಯ ಸೇತುವೆಗಳು. ಮೊದಲ ನೆರೆಗೆ ಬುಡ ಕೊರೆದು ಕಂಬ ವಾಲಿತು. ಸರ್ಕಾರ ಇಂಜಿನಿಯರುಗಳನ್ನ ಅಮಾನತು ಮಾಡಿತು. ಇಂಥಲ್ಲಿ ಎರಡನೇದು ಬಿದ್ದ ಕೂಡಲೇ "ಈ ಎರಡಕ್ಕೂ ಏನು ಸಮಾನ?" ಅಂತ ಕೇಳಬೇಕು. ಒಬ್ಬನೇ ಗುತ್ತಿಗೆದಾರನಾ, ಒಂದೇ ಕಾಮಗಾರಿಯಾ, ಒಂದೇ ವರ್ಷ ಕಟ್ಟಿದ್ದಾ, ಒಂದೇ ಹೊಳೆಯಾ.

ಸುದ್ದಿಮೇಜು

ಸುದ್ದಿಯೇ ಗುಂಪು ಹುಟ್ಟಿಸೋದೂ ಉಂಟು. 2024ರ ಅಕ್ಟೋಬರಿನಲ್ಲಿ ವಿಮಾನಗಳಿಗೆ ಹುಸಿ ಬಾಂಬ್ ಬೆದರಿಕೆ ನೂರಾರು ಬಂದವು. ಒಬ್ಬ ಮಾಡಿದ್ದು ಸುದ್ದಿಯಾದ ಕೂಡಲೇ ಇನ್ನೊಬ್ಬ ಮಾಡ್ತಾನೆ. ಆತ್ಮಹತ್ಯೆಯ ಸುದ್ದಿಯಲ್ಲಿ ವಿಧಾನ, ಜಾಗ ವಿವರಿಸಬಾರದು, ಮುಖಪುಟದಲ್ಲಿ ಎತ್ತಿ ತೋರಿಸಬಾರದು ಅಂತ ನಿಯಮ ಇರೋದೂ ಇದಕ್ಕೇ.

ಧರೆಮೇಲಿನಮನೆ (ಹೊಸನಗರ)

ನನ್ನ ತಕರಾರು ಇರೋದು "ಮೂರಕ್ಕೆ ಮುಕ್ತಾಯ" ಅನ್ನೋ ಮಾತಿಗೆ. ಗುಡ್ಡ ಕುಸಿತಕ್ಕೆ ಈ ಮಾತು ಅನ್ವಯಿಸೋದು ಅಪಾಯ. ಶಿರೂರು ಪುನರ್ವಸು ಮಳೆಯಲ್ಲಿ, ವಯನಾಡು ಪುಷ್ಯ ಮಳೆಯಲ್ಲಿ. 2018ರ ಆಗಸ್ಟಿನ ಕೊಡಗು, 2019ರ ಆಗಸ್ಟಿನ ಮೂಡಿಗೆರೆಯ ಮಲೆಮನೆ-ಮಧುಗುಂಡಿ, 2020ರ ಆಗಸ್ಟಿನ ಬ್ರಹ್ಮಗಿರಿ, ಮೂರೂ ಆಶ್ಲೇಷ ಮಳೆಯಲ್ಲಿ. ಇದು ಆಕಸ್ಮಿಕದ ಗುಂಪಲ್ಲ. ಜೂನಿಂದ ಕುಡಿದ ನೀರು ಆಗಸ್ಟಿನ ಮೊದಲ ವಾರಕ್ಕೆ ಗುಡ್ಡದ ಒಳಗೆ ತುಂಬಿರುತ್ತೆ. ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಶೇಡಿ ಮಣ್ಣು. ಶೇಡಿ ಒಣಗಿದಾಗ ಗಟ್ಟಿ, ನೀರು ತುಂಬಿದ್ರೆ ಹಿಡಿತವೇ ಇಲ್ಲ. ಮೂರ್ನಾಲ್ಕು ದಿನ ಬಿಡದೆ ಹೊಯ್ದು, ಆಮೇಲೆ ಒಂದು ದಿನ 204.5 ಮಿಲಿಮೀಟರ್ ದಾಟಿದ್ರೆ (ಹವಾಮಾನ ಇಲಾಖೆ "ಅತ್ಯಂತ ಭಾರಿ" ಅನ್ನೋ ಮಟ್ಟ ಅದು), ಘಟ್ಟದ ಉದ್ದಕ್ಕೂ ನೂರಾರು ಧರೆಗಳು (ಗುಡ್ಡದ ಕಡಿದಾದ ಮಣ್ಣಿನ ಬದಿಗಳು) ಒಂದೇ ಹೊತ್ತಿಗೆ ಕುಸಿಯೋ ಹಂತಕ್ಕೆ ಬರ್ತವೆ. ಮೂರು ಬಿದ್ದಿದೆ ಅಂದ್ರೆ ನಾಲ್ಕನೇದು ಇನ್ನೂ ಹತ್ತಿರ ಅಂತ ಅರ್ಥ.

ಧರೆ ಕಡಿದು ಮನೆ ಕಟ್ಟಿದವರು, ರಸ್ತೆ ಅಗಲ ಮಾಡಿದ ಜಾಗದ ಮೇಲಿರೋರು ನೋಡಬೇಕಾದ್ದು: ಧರೆಯ ನೆತ್ತಿಯಲ್ಲಿ ಹೊಸ ಬಿರುಕು, ವಾಲಿದ ಅಡಿಕೆಮರ ಅಥವಾ ಕರೆಂಟ್ ಕಂಬ, ಇಲ್ಲದ ಕಡೆ ಜಲ ಏಳೋದು, ತಿಳಿಯಾಗಿದ್ದ ಒರತೆ ಕೆಂಪಾಗೋದು, ಬಾಗಿಲು ಇದ್ದಕ್ಕಿದ್ದ ಹಾಗೆ ಬಿಗಿಯಾಗೋದು. ಬಿರುಕು ಸಣ್ಣದಿದ್ರೆ ಟಾರ್ಪಾಲು ಹೊದಿಸಿ, ಮೇಲಿನ ನೀರನ್ನ ಕಾಲುವೆ ತೆಗೆದು ಪಕ್ಕಕ್ಕೆ ಬಿಡಿ. ಜಲ ಕೆಂಪಾದ್ರೆ, ತುಂಬಿ ಹರೀತಿದ್ದ ಹೊಳೆ-ಹಳ್ಳ ಇದ್ದಕ್ಕಿದ್ದ ಹಾಗೆ ಕಮ್ಮಿಯಾದ್ರೆ, ಯೋಚನೆ ಮಾಡದೆ ಮನೆ ಬಿಡಿ. ಮಳೆ ನಿಂತ ಮರುದಿನವೂ ವಾಪಸ್ ಹೋಗಬೇಡಿ, ಒಳಗಿನ ನೀರು ಇಳಿಯೋಕೆ ದಿನ ಹಿಡಿಯುತ್ತೆ.

ತೋಟದಕಳ

ಅಡಿಕೆಯ ಕೊಳೆರೋಗವೂ ಇದೇ ತರ. ಒಂದು ತೋಟಕ್ಕೆ ಬಂದ್ರೆ ವಾರದಲ್ಲಿ ಸೀಮೆಗೆಲ್ಲ.

ಬ್ಯಾಣದಬದಿ

ಅದಕ್ಕೆ ಹೊಡೆಯೋ ಬೋರ್ಡೋ ದ್ರಾವಣ ಎರಡನೇ ಸಲ ಹೊಡೆಯೋಕೆ ಮಳೆ ಬಿಡ್ತಾನೇ ಇಲ್ಲ. 40 ದಿನ ದಾಟಿತು. ಏನು ಮಾಡೋದು?

ತೋಟದಕಳ

ಎರಡು-ಮೂರು ಗಂಟೆ ಹೊಳವಾದ್ರೂ ಸಾಕು, ಗೊನೆ ಒಣಗಿದ್ದಾಗ ಹೊಡೀರಿ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ತುತ್ತದ ನೀರನ್ನ ಸುಣ್ಣದ ನೀರಿಗೆ ಹುಯ್ಯಿರಿ, ತಿರುಗಾ ಮುರುಗಾ ಮಾಡಿದ್ರೆ ಒಡೆಯುತ್ತೆ. ಕಬ್ಬಿಣದ ಪಾತ್ರೆ ಬೇಡ. ತೊಳೆದ ಕತ್ತಿ ಅದ್ದಿ ನೋಡಿ, ತಾಮ್ರದ ಬಣ್ಣ ಹತ್ತಿದ್ರೆ ಸುಣ್ಣ ಕಮ್ಮಿ. ಉದುರಿದ ಕೊಳೆಕಾಯಿ ಹೆಕ್ಕಿ ತೋಟದಿಂದ ಹೊರಗೆ ಹಾಕಿ. ಉಳಿದದ್ದಕ್ಕೆ ಬೇರೆ ಚರ್ಚೆ ತೆರೀರಿ.

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ಧನ್ಯವಾದ. ಈಗ ಮುಖ್ಯ ಪ್ರಶ್ನೆ: ನಮ್ಮ ಜಿಲ್ಲೆಯ ಯಾವುದೋ ಒಂದು ಬಗೆಯ ಅವಘಡ ತಗೊಂಡು, ಗುಂಪು ನಿಜವೋ ತೋರಿಕೆಯೋ ಅಂತ ನಾವೇ ಪರೀಕ್ಷೆ ಮಾಡೋದು ಹೇಗೆ?

ಅಂಕಿಅಂಶ

ದಾಖಲೆ ತೆಗೆಯೋಕೆ ಮುಂಚೆ ಮೂರು ವಿಷಯ ಬರೆದಿಡಿ: ಏನನ್ನ ಎಣಿಸ್ತೀರಿ (ಉದಾಹರಣೆಗೆ, ರಸ್ತೆ ಮುಚ್ಚಿಸಿದ ಧರೆ ಕುಸಿತ ಮಾತ್ರ), ಯಾವ ಗಡಿ (ಜಿಲ್ಲೆಯಾ, ತಾಲೂಕಾ), ಯಾವ ತಾರೀಖಿಂದ ಯಾವ ತಾರೀಖಿಗೆ. ಆಮೇಲೆ ಬದಲಾಯಿಸೋ ಹಾಗಿಲ್ಲ. ವಾರವಾರಕ್ಕೆ ಎಷ್ಟು ಅಂತ ಎಣಿಸಿ. ಸರಾಸರಿ ತೆಗೀರಿ. ಪ್ರತಿ ವಾರದ ಸಂಖ್ಯೆಯಿಂದ ಸರಾಸರಿ ಕಳೆದು, ವರ್ಗ ಮಾಡಿ, ಎಲ್ಲ ಕೂಡಿಸಿ, ಸರಾಸರಿಯಿಂದ ಭಾಗಿಸಿ. ಬಂದದ್ದನ್ನ "ವಾರಗಳ ಸಂಖ್ಯೆ ಕಳೆ ಒಂದು" ಅನ್ನೋದಕ್ಕೆ ಹೋಲಿಸಿ. ಹತ್ತಿರ ಇದ್ರೆ ಆಕಸ್ಮಿಕ. ಬಹಳ ಹೆಚ್ಚಿದ್ರೆ ನಿಜವಾದ ಗುಂಪು.

ಹತ್ತು ವಾರದ ಒಂದು ಮಾದರಿ: 0, 0, 1, 3, 0, 0, 4, 1, 0, 1. ಒಟ್ಟು 10, ಸರಾಸರಿ 1. ವರ್ಗಗಳ ಮೊತ್ತ 18. ಹೋಲಿಕೆಗೆ 9. ಬರೀ ಆಕಸ್ಮಿಕವೇ ಆಗಿದ್ರೆ ಹತ್ತು ವಾರಕ್ಕೆ ಈ ಮೊತ್ತ 16.92 ದಾಟೋ ಸಾಧ್ಯತೆ ಸುಮಾರು 5% ಮಾತ್ರ. 18 ದಾಟಿದೆ, ಕಾರಣ ಹುಡುಕಬೇಕು. ಪೂರ್ತಿ 52 ವಾರಕ್ಕಾದ್ರೆ ಆ ಗೆರೆ ಸುಮಾರು 68.7. ಹತ್ತು ವಾರ ಬಹಳ ಕಮ್ಮಿ, ಇದು ಲೆಕ್ಕದ ರೀತಿ ತೋರಿಸೋಕೆ ಮಾತ್ರ.

ಸಂಕ

ಧರೆ ಕುಸಿತಕ್ಕೆ 52 ವಾರದ ಸರಾಸರಿ ಹಾಕಿದ್ರೆ ಯಾವಾಗಲೂ "ಗುಂಪು" ಅಂತಲೇ ಬರುತ್ತೆ. ಬೇಸಿಗೆಯಲ್ಲಿ ಸೊನ್ನೆ, ಮಳೆಗಾಲದಲ್ಲಿ ಎಲ್ಲಾ. ಅದು ಎಲ್ಲರಿಗೂ ಗೊತ್ತಿರೋದೇ.

ಅಂಕಿಅಂಶ

ಸರಿಯಾದ ಆಕ್ಷೇಪ. ಜೂನ್ 15ರಿಂದ ಆಗಸ್ಟ್ 31 ಅಂತ ಇಟ್ಟು, ಹತ್ತು ವರ್ಷದ ಅದೇ ವಾರಗಳನ್ನ ಮಾತ್ರ ತಗೊಳ್ಳಿ. ಅಲ್ಲೂ ಗುಂಪು ಉಳಿದ್ರೆ, ಆ ವಾರದ ಮಳೆಯನ್ನ ಪಕ್ಕದಲ್ಲಿಟ್ಟು ನೋಡಿ.

ಸುದ್ದಿಮೇಜು

ಪೇಪರಿನಿಂದ ಎಣಿಸೋರು ಮೂರು ಕಡೆ ಎಡವ್ತಾರೆ. ಪ್ರಕಟವಾದ ತಾರೀಖು ಘಟನೆಯ ತಾರೀಖಲ್ಲ. ಒಳನಾಡಿನ ಸುದ್ದಿ ಎರಡು ದಿನ ತಡ ಆಗುತ್ತೆ, ಕರೆಂಟ್ ಹೋದ ವಾರ ಇನ್ನೂ ತಡ. ಒಂದೇ ಕುಸಿತ ಮೊದಲ ದಿನ, ತೆರವಿನ ದಿನ, ಸಚಿವರ ಭೇಟಿ ದಿನ ಅಂತ ಮೂರು ಸಲ ಬಂದಿರುತ್ತೆ. ಹೆಸರೂ ಬದಲಾಗುತ್ತೆ: 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಹತ್ರದ ಹುಣಸೋಡಿನ ಕಲ್ಲುಕ್ವಾರಿ ಸ್ಫೋಟವನ್ನ ಮೊದಲು ಭೂಕಂಪ ಅಂದುಕೊಂಡಿದ್ದರು. ಎರಡೂ ಹೆಸರಲ್ಲಿ ಹುಡುಕಿದ್ರೆ ಎರಡು ಘಟನೆ ಆಗಿಬಿಡುತ್ತೆ.

ಧರೆಮೇಲಿನಮನೆ (ಹೊಸನಗರ)

ಲೋಕೋಪಯೋಗಿ ಇಲಾಖೆ ಮತ್ತು ತಹಸೀಲ್ದಾರ್ ಕಚೇರಿಯಲ್ಲಿ ರಸ್ತೆ ಬಂದ್ ಆದ ದಾಖಲೆ ಇರುತ್ತೆ. ಮಾಹಿತಿ ಹಕ್ಕಿನಲ್ಲಿ ಕೇಳುವಾಗ "ಭೂಕುಸಿತದ ಮಾಹಿತಿ" ಅಂತ ಕೇಳಬೇಡಿ. ರಸ್ತೆಯ ಹೆಸರು, ಕಿಲೋಮೀಟರ್, ಬಂದ್ ಆದ ದಿನ, ತೆರೆದ ದಿನ ಅಂತ ಬಿಡಿಸಿ ಕೇಳಿ.

ಮಳೆಮಾಪಕ (ಆಗುಂಬೆ)

ಮಳೆಯನ್ನ ಪಕ್ಕದಲ್ಲಿ ಇಡುವಾಗ ಒಂದು ಎಚ್ಚರ. ಹವಾಮಾನ ಇಲಾಖೆಯ ಮಳೆದಿನ ಬೆಳಗ್ಗೆ 8.30ರಿಂದ ಮರುದಿನ 8.30ಕ್ಕೆ, ಬರೆಯೋದು ಅಳತೆ ತೆಗೆದ ದಿನದ ತಾರೀಖಿಗೆ. ಜುಲೈ 15ರ ರಾತ್ರಿ 11ಕ್ಕೆ ಧರೆ ಬಿದ್ದರೆ ಅದಕ್ಕೆ ಕಾರಣವಾದ ಮಳೆ 16ರ ಸಾಲಲ್ಲಿ ಇರ್ತದೆ. ಇದನ್ನ ಗಮನಿಸದೆ ಹೊಂದಿಸಿದ್ರೆ "ಮಳೆ ಕಮ್ಮಿ ಇದ್ದ ದಿನವೇ ಕುಸಿದಿದೆ" ಅಂತ ತಪ್ಪು ಉತ್ತರ ಬರ್ತದೆ. ಮತ್ತೆ ಹೋಬಳಿ ಮಾಪಕ ನಂಬಬೇಡಿ. ಘಟ್ಟದ ಅಂಚಿಗೂ ಎಂಟು ಮೈಲಿ ಒಳಗೂ ಮಳೆ ಅರ್ಧಕ್ಕರ್ಧ ವ್ಯತ್ಯಾಸ ಆಗಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕ ಗ್ರಾಮ ಪಂಚಾಯಿತಿ ಮಟ್ಟದಲ್ಲಿದೆ, ಕುಸಿದ ಜಾಗಕ್ಕೆ ಹತ್ತಿರದ್ದನ್ನ ತಗೊಳ್ಳಿ. ಆ ದಿನದ್ದು ಒಂದು ಕಾಲಂ, ಹಿಂದಿನ ನಾಲ್ಕು ದಿನದ ಮೊತ್ತ ಇನ್ನೊಂದು ಕಾಲಂ.

ತುಂಗಾತೀರ (ಶಿವಮೊಗ್ಗ)

ಹೊಸನಗರ, ತೀರ್ಥಹಳ್ಳಿ ಎರಡು ತಾಲೂಕು, 2015ರಿಂದ 2024, ರಸ್ತೆ ಬಂದ್ ಆದ ಕುಸಿತ ಮಾತ್ರ, ಜೂನ್ 15ರಿಂದ ಆಗಸ್ಟ್ 31. ಇಷ್ಟು ಗೊತ್ತು ಮಾಡಿ ಬರೆದಿಟ್ಟೆ. ತೀರ್ಥಹಳ್ಳಿ ಕಚೇರಿಯ ದಾಖಲೆಗೆ ಅರ್ಜಿ ಬರೆಯೋಕೆ ಮೇಷ್ಟ್ರು ಕೈಜೋಡಿಸ್ತೀರಾ?

ತೀರ್ಥಹಳ್ಳಿ ಮೇಷ್ಟ್ರು

ಸೋಮವಾರ ಕಚೇರಿಗೆ ಹೋಗಿ ಕೊಡ್ತೇನೆ. ಕೊಪ್ಪ, ಶೃಂಗೇರಿ ಕಡೆಯವರು ಯಾರಾದರೂ ಇದ್ದರೆ ಇದೇ ಅವಧಿ, ಇದೇ ವ್ಯಾಖ್ಯೆ ಇಟ್ಟುಕೊಂಡು ಅಲ್ಲಿಯದನ್ನೂ ತೆಗೆಸಿ.

ಪಂಚಾಂಗಪ್ರಿಯ (ಶೃಂಗೇರಿ)

ಶೃಂಗೇರಿಯದ್ದು ನಾನು ತರಿಸ್ತೇನೆ. ತಾರೀಖಿನ ಪಕ್ಕ ಮಳೆ ನಕ್ಷತ್ರದ ಕಾಲಂ ಒಂದು ಹಾಕಿ. ಹದಿಮೂರು-ಹದಿನಾಲ್ಕು ದಿನದ ಕಂತಾದ್ದರಿಂದ ನಿಮ್ಮ ವಾರದ ಲೆಕ್ಕದ ಜೊತೆ ಇನ್ನೊಂದು ಅಳತೆ ಸಿಕ್ಕಂತಾಗ್ತದೆ.